ಕಂಬಕ್ಕೆ ಹೇಳಿದ ಮಾತು

ಕಮರಿಪೇಟೆಯ ರತ್ನವ್ವ ಮದುವೆಯಾಗಿ ಬಂದಾಗಿನಿಂದ ಗಂಡನ ಅಣ್ಣ ಕುಬೇರಪ್ಪನವರೊಡನೆ ನೇರವಾಗಿ ಒಂದು ಮಾತೂ ಆಡಿಲ್ಲ. ಜಗಳವೇನಿಲ್ಲ, ಆ ಮನೆತನದ ರೀತಿಯೇ ಹಾಗೆ. ತಮ್ಮನ ಹೆಂಡತಿ ಭಾವನಿಗೆ ಏನಾದರೂ ಹೇಳಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳಬೇಕು. ಭಾವ ಅದೇ ಕಂಬಕ್ಕೆ ಉತ್ತರ ಕೊಡಬೇಕು.

"ಕಂಬಾ, ಭಾವನವರ ಚಾ ಆರಾಕತ್ತೇತಿ."

"ಕಂಬಾ, ಸಕ್ಕರಿ ಕಡಿಮಿ ಆಗೇತಿ."

ಇದನ್ನು ಗೌರವ ಎನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಇದರ ಲಾಭವೆಲ್ಲ ರತ್ನವ್ವನದು. ಭಾವನಿಗೆ ಎದುರಾಡಿದಳೆಂದು ಅವಳನ್ನು ಯಾರೂ ದೂರುವಂತಿಲ್ಲ. ಕಂಬಕ್ಕೆ ಎಷ್ಟು ಬೈದರೂ ನಡೆಯುತ್ತದೆ.

ರತ್ನವ್ವ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ರೊಟ್ಟಿ ಚೆನ್ನಾಗಿದೆ, ವ್ಯಾಪಾರ ಮಾತ್ರ ಏಳುತ್ತಿರಲಿಲ್ಲ. ಕಾರಣ ಕುಬೇರಪ್ಪ. ಅಡುಗೆಮನೆ ಹಿಂದೆ, ಗಿರಾಕಿ ಬರಬೇಕಾದದ್ದು ಪಡಸಾಲೆ ದಾಟಿ. ಪಡಸಾಲೆಯ ಮುಂದಿನ ಗೋಡೆಗೆ ಕುರ್ಚಿ ಆನಿಸಿ ಕೂತ ಕುಬೇರಪ್ಪ ಬಂದವರ ಊರು, ಮನೆತನ, ಹೊಲದ ಅಳತೆ ಎಲ್ಲ ಕೇಳಿಯೇ ಒಳಗೆ ಬಿಡುತ್ತಿದ್ದರು. ಒಮ್ಮೆ ಬಂದವರು ಎರಡನೆಯ ಸಲ ಬೇರೆ ಓಣಿ ಹಿಡಿಯುತ್ತಿದ್ದರು. ಆ ಗೋಡೆಯಲ್ಲಿ ಬೀದಿಗೆ ಒಂದು ಕಿಂಡಿ ಒಡೆಸಿದರೆ ತನ್ನ ಅಂಗಡಿ ಉಳಿಯುತ್ತದೆ ಎಂಬುದು ರತ್ನವ್ವನ ಲೆಕ್ಕ. ಮನೆ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದೆ. ಗಂಡ ಶಿವಯೋಗೀಶ ಅಣ್ಣನ ಮುಂದೆ ಕೆಮ್ಮಲೂ ಹೆದರುವವನು.

ಅಷ್ಟರಲ್ಲಿ ಆ ಸಾಲಿನ ಮನೆಗಳನ್ನು ಪಾರಂಪರಿಕ ಬೀದಿ ಎಂದು ಘೋಷಿಸುವ ಕರಡು ಹೊರಬಿತ್ತು. ಘೋಷಣೆಯಾದರೆ ಮನೆಯ ಮುಂಭಾಗವನ್ನು ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ಕುಬೇರಪ್ಪ ಹಿಗ್ಗಿದರು: ಬಾಗಿಲ ಪಕ್ಕ ಮನೆತನದ ಹೆಸರಿನ ಹಿತ್ತಾಳೆ ಫಲಕ ಬರುತ್ತದೆ. ರತ್ನವ್ವ ತಕರಾರು ಸಲ್ಲಿಸಿದಳು.

ವಿಚಾರಣೆಯ ದಿನ ಪಾರಂಪರಿಕ ಸಮಿತಿಯ ಸದಸ್ಯೆಯಾಗಿ ನಾನೂ ಇದ್ದೆ. ಅಧಿಕಾರಿ ಸುಕನ್ಯಾ ಮೊದಲು ಕುಬೇರಪ್ಪನವರನ್ನು ಕೇಳಿದರು.

"ನಮ್ಮದು ಹಂತಾ ಹಿಂತಾ ಮನಿ ಅಲ್ರಿ ಮೇಡಮ್ಮರ. ನಮ್ಮ ಮುತ್ಯಾರ ಕಾಲಕ್ಕ ಹತ್ತಿ ವ್ಯಾಪಾರ ಅಂದ್ರ ಇದ ಮನಿ. ಸುಳ್ಳ ಅನ್ನೂ ಹಳ್ಳಿಯಿಂದ ಹೊಂಟ ಗಾಡಿ ಸೀದಾ ನಮ್ಮ ಮನಿ ಮುಂದ ಬಂದು ನಿಲ್ತಿದ್ವು."

"ನಿಮ್ಮ ತಕರಾರು ಏನ್ರಿ ರತ್ನವ್ವಾ?"

ರತ್ನವ್ವ ಸುತ್ತ ನೋಡಿದಳು. ಆ ಕೋಣೆಯಲ್ಲಿ ಕಂಬವಿರಲಿಲ್ಲ. ಮೂಲೆಯಲ್ಲಿ ಅತ್ತಿಂದಿತ್ತ ತಿರುಗುವ ಒಂದು ಫ್ಯಾನು ನಿಂತಿತ್ತು. ಅದು ತನ್ನ ಕಡೆ ಮುಖ ಮಾಡುವವರೆಗೆ ಕಾದಳು.

"ಫ್ಯಾನಾ, ಭಾವನವರು ಹೇಳೂದು ಖರೇನ ಇರ್ತೇತಿ. ಅಷ್ಟು ಗಾಡಿ ಬಂದ್ರ ಮುತ್ಯಾರು ಎಲ್ಲಿ ಕುಂತು ವ್ಯಾಪಾರ ಮಾಡ್ತಿದ್ರಂತ ಒಂದು ಮಾತು ಕೇಳು. ಮುಂದ ಬರೇ ಗ್ವಾಡಿ ಐತಿ. ಒಂದು ತೂತು ಸುದ್ದಾ ಇಲ್ಲ."

ಫ್ಯಾನು ಕುಬೇರಪ್ಪನವರ ಕಡೆ ತಿರುಗಿತು. ಅವರು ಅದನ್ನೇ ನೋಡಿ ಗುಡುಗಿದರು. "ತೂತೇನು, ಅಂಗಡೀನ ಇತ್ತು! ಎತ್ತಿನ ಸಮೇತ ಗಾಡಿ ಒಳಗ ಬರೂವಷ್ಟು ದೊಡ್ಡ ಬಾಗಲಾ!"

"ಹಂಗಾದ್ರ ಈಗಿರೋ ಗೋಡೆ?" ಸುಕನ್ಯಾ ಕೇಳಿದರು.

"ಅದಾ? ನಿನ್ನೆ ಮೊನ್ನೀದ್ರಿ ಅದು!"

ರತ್ನವ್ವ ಮತ್ತೆ ತನ್ನ ಸರದಿಗೆ ಕಾದಳು. "ಫ್ಯಾನಾ, ನನ್ನ ತಕರಾರು ಮುಗೀತಂತ ಹೇಳು. ಫಲಕ ಬರ್ಲಿ. ಮನಿ ಮುತ್ಯಾರ ಕಾಲಕ್ಕ ಹ್ಯಾಂಗಿತ್ತೋ ಹಾಂಗ ಆಗ್ಲಿ."

ಕುಬೇರಪ್ಪ ಬಾಯಿ ತೆರೆದರು. ಫ್ಯಾನು ಅವರ ಕಡೆ ಬೆನ್ನು ಮಾಡಿತ್ತು.

ಮನೆ ಕಟ್ಟಿದ ನಂತರ ಸೇರಿಸಿದ ಭಾಗವನ್ನು ತೆಗೆದು ಮೂಲರೂಪಕ್ಕೆ ತರಲು ನಿಯಮದಲ್ಲಿ ಅವಕಾಶವಿದೆ. ಆದರೆ ಹೆಗ್ಗಳಿಕೆಯ ಮಾತನ್ನು ನಂಬಿ ಗೋಡೆ ಒಡೆಯುವಂತಿಲ್ಲ, ಪುರಾವೆ ಬೇಕು ಎಂದು ನಾನು ಹೇಳಿದೆ. ಮುಂದಿನ ವಾರ ಗೌಂಡಿ ಪರಮೇಶ ನಮ್ಮೆಲ್ಲರ ಎದುರು ಗೋಡೆಯ ಮೇಲಿನ ಗಿಲಾಯಿ ಕೆರೆದ. ಗಾಡಿ ಹೋಗುವ ಬಾಗಿಲು ಸಿಗಲಿಲ್ಲ. ಕುಬೇರಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳತೊಡಗಿದರು. ಇನ್ನಷ್ಟು ಕೆರೆದಾಗ ಒಂದು ಮರದ ತೊಲೆ, ಅದರ ಕೆಳಗೆ ಇಟ್ಟಿಗೆ ತುಂಬಿ ಮುಚ್ಚಿದ ಸಣ್ಣ ಕಿಂಡಿ ಕಂಡಿತು. ಕೆಳಗಿನ ಕಲ್ಲಿನಲ್ಲಿ ಅಂಗಡಿ ಹಲಗೆ ಕೂರಿಸುವ ಕಚ್ಚು ಇತ್ತು, ತಿಕ್ಕಿ ತಿಕ್ಕಿ ನುಣುಪಾದದ್ದು.

"ಇದರಾಗ ಎತ್ತು ಹ್ಯಾಂಗ ಬರ್ತಿದ್ವು ಯಜಮಾನ್ರ?" ಸುಕನ್ಯಾ ಕೇಳಿದರು.

"ಆಗಿನ ಎತ್ತು ಸಣ್ಣವು ಇರ್ತಿದ್ವು ಮೇಡಮ್ಮರ," ಎಂದರು ಕುಬೇರಪ್ಪ.

"ಕಂಬಾ," ಒಳಗಿನಿಂದ ರತ್ನವ್ವನ ದನಿ ಬಂತು, "ನನಗ ಎತ್ತು ಬ್ಯಾಡಂತ ಹೇಳು. ರೊಟ್ಟಿ ಹಿಡಿದ ಕೈ ಹೊರಗ ಹೋದ್ರ ಸಾಕು."

ಕಿಂಡಿ ತೆರೆಯಲು ಅಪ್ಪಣೆಯಾಯಿತು. ಅಲ್ಲಿ ಕಿಂಡಿ ಇರುವುದು ಅವಳಿಗೆ ಮೊದಲೇ ಗೊತ್ತಿತ್ತೇ ಎಂದು ನಾನು ನೇರವಾಗಿ ಕೇಳಿದೆ. ರತ್ನವ್ವ ನನ್ನತ್ತ ನೋಡಲೇ ಇಲ್ಲ.

"ಕಂಬಾ, ಬಾಯಾರಿಗೆ ಚಾ ಬೇಕೇನಂತ ಕೇಳು."

ಈಗ ಕಿಂಡಿಯ ಹಿಂದೆ ರೊಟ್ಟಿ ಬುಟ್ಟಿಯೊಡನೆ ರತ್ನವ್ವ ಕೂರುತ್ತಾಳೆ. ಅಲ್ಲಿದ್ದ ಕುಬೇರಪ್ಪನವರ ಕುರ್ಚಿ ಹೊರಗಿನ ಕಟ್ಟೆಗೆ, ಹಿತ್ತಾಳೆ ಫಲಕದ ಕೆಳಗೆ ಬಂದಿದೆ. ಹೋಗಿಬರುವವರಿಗೆಲ್ಲ ಅವರು ಮುತ್ಯಾರ ಕಥೆ ಹೇಳುತ್ತಾರೆ. ಕೇಳಿ ಮುಗಿಸಿದವರಿಗೆ ಹಸಿವಾಗಿರುತ್ತದೆ. ಹಿಂದೆ ಗಿರಾಕಿಯನ್ನು ಓಡಿಸುತ್ತಿದ್ದ ಬಾಯಿ ಈಗ ಕರೆದು ನಿಲ್ಲಿಸುತ್ತದೆ. ಕಟ್ಟೆಯಿಂದ ಪಡಸಾಲೆಯ ಕಂಬ ಕಾಣುವುದಿಲ್ಲ, ಆದರೂ ಅವರು ರೀತಿ ಬಿಟ್ಟಿಲ್ಲ.

"ಕಂಬಾ, ಇವರಿಗೆ ಹತ್ತು ಖಡಕ್ ರೊಟ್ಟಿ. ಗುರೆಳ್ಳ ಚಟ್ನಿ ಬ್ಯಾರೆ ಕಟ್ಟು."

"ಕಂಬಾ, ಚೀಲಾ ತಂದಾರೇನಂತ ಕೇಳು."