ಹುತ್ತದ ಮಣ್ಣು ಮುಟ್ಟಿದ ಕೈ

ಲೇ ರಂಜಿತ, ನಮ್ಮ ವಾಣಿಶ್ರೀ ಚಿಕ್ಕಮ್ಮ ಗೊತ್ತಲ್ಲ, ನಂದಗುಡಿ ಹತ್ರ ನಮ್ಮಜ್ಜಿ ಜೊತೆ ಇದಾರಲ್ಲ, ಅವ್ರ ಕಥೆ ಕೇಳು.

ಸ್ಕೂಲಲ್ಲಿ ಚಿತ್ರ ಬಿಡಿಸೋದ್ರಲ್ಲಿ ಇವ್ರೇ ಫಸ್ಟಂತೆ. ಮದ್ವೆ ಆಯ್ತು, ಬಣ್ಣದ ಡಬ್ಬ ಅಟ್ಟ ಸೇರ್ತು. ಈಗ ನಲವತ್ತೈದು ದಾಟಿದ್ಮೇಲೆ ಫೋನಲ್ಲಿ ಯಾವ್ದೋ ವಿಡಿಯೋ ನೋಡಿ ಮತ್ತೆ ಶುರು ಮಾಡಿದ್ರು. ಬರೀ ಬಣ್ಣ ಅಲ್ಲ, ಪ್ಲೈವುಡ್ ಮೇಲೆ ಗೋಣಿಚೀಲದ ತುಂಡು, ರಾಗಿ ಹೊಟ್ಟು, ಒಡೆದ ಬಳೆ, ಎಲ್ಲಾ ಗಮ್ ಹಾಕಿ ಮೆತ್ತೋದು. "ಕಣ್ಮುಚ್ಕೊಂಡು ಮುಟ್ಟು ಚಂದನ, ಹೊಲ ಸಿಗ್ತದೆ" ಅಂತ ನಂಗೆ ಹೇಳೋರು.

ಎಡವಟ್ಟಾಗಿದ್ದು ಮಣ್ಣಲ್ಲಿ. ಹೊಲದ ಮಣ್ಣು ಒಣಗಿದ್ರೆ ಉದುರೋಗ್ತಿತ್ತು, ಹುತ್ತದ್ದು ಗಟ್ಟಿಯಾಗಿ ಹಿಡ್ಕೊಳ್ತದೆ ಅಂತ ಹಿತ್ತಲಾಚೆ ನಾಗಪ್ಪನ ಹುತ್ತದಿಂದ, ಅದೇ ನಾವು ವರ್ಷಾ ವರ್ಷಾ ಹಾಲಿನ ತನಿ ಎರೆಯೋ ಹುತ್ತ, ಒಂದು ಮಂಕರಿ ಮಣ್ಣು ತುಂಬ್ಕೊಂಡು ಬಂದ್ಬಿಟ್ಟಿದಾರೆ! ಪೂಜೆ ದಿನ ಪ್ರಸಾದ ಅಂತ ಕಿವಿಗೆ ಹಚ್ಕೊಳಕ್ಕೆ ಚಿಟಿಕೆ ತಗೊಳೋದು ಬೇರೆ, ಮಂಕರಿ ಬೇರೆ. ಅದಕ್ಕೆ ಸುಣ್ಣ ಕಲಸಿ ಬರಿಗೈಯಲ್ಲೇ ಮೆತ್ತಿದ್ರು.

ಮಾರನೇ ದಿನಕ್ಕೆ ಬೆರಳು ಬಿರೀತು. ಆಮೇಲೆ ಚರ್ಮ ಸುಲೀತು. ಥೇಟ್ ಹಾವು ಪೊರೆ ಬಿಟ್ಟಂಗೆ.

ನಾನು ಹೋದಾಗ ಅಜ್ಜಿಗೆ ಕಾಣ್ದಂಗೆ ಸೆರಗಲ್ಲಿ ಕೈ ಮುಚ್ಕೊಂಡು ಕೂತಿದ್ರು.

"ಸುಣ್ಣ ಸುಟ್ಟಿರೋದು ಚಿಕ್ಕಮ್ಮ, ಡಾಕ್ಟರ್ ಹತ್ರ ಹೋಗಣ."

"ನಂಗೂ ಗೊತ್ತು ಕಣೆ. ಆದ್ರೆ ಕಣ್ಮುಚ್ಚಿದ್ರೆ ಹಂಗನ್ಸಲ್ಲ, ನಾಗಪ್ಪನ ಕೋಪ ಅನ್ಸುತ್ತೆ. ಸಾಕು. ಬಣ್ಣ ಎಲ್ಲಾ ಅಟ್ಟಕ್ಕೇ ಹಾಕ್ಬಿಡು."

ಇನ್ನೊಂದ್ಸಲ ಅಟ್ಟ ಸೇರಿದ್ರೆ ಆ ಡಬ್ಬ ಇಳಿಯಲ್ಲ ಅಂತ ನಂಗೆ ಭಯ.

ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ! "ಏನೇ ವಾಣಿ, ಹೊಸ ಮದ್ಲಗಿತ್ತಿ ತರ ಸೆರಗು ಹೊದ್ಕೊಂಡಿದೀಯ? ತೆಗಿ ಕೈ."

ಕೈ ನೋಡಿದ್ರು, ಮಣ್ಣು ಮೆತ್ತಿದ್ದ ಪ್ಲೈವುಡ್ ಬೋರ್ಡ್ ನೋಡಿದ್ರು. ಮುಖ ಇಳಿದೋಯ್ತು. "ಎಲ್ಲಿಯ ಮಣ್ಣೇ ಇದು?"

ಚಿಕ್ಕಮ್ಮ ಹಿತ್ತಲ ಕಡೆ ಕೈ ತೋರ್ಸಿದ್ರು.

"ಅಯ್ಯೋ ನಿನ್ನ! ಮಕ್ಕಳು ಮರಿ ಓಡಾಡೋ ಮನೆ... ಎತ್ಕೋ. ಅವ್ನದು ಅವ್ನಿಗೇ ಕೊಡು."

ಬೋರ್ಡ್ ಹೊತ್ಕೊಂಡು ಹುತ್ತದ ಹತ್ರ ಹೋದ್ವಿ. ಅಜ್ಜಿ ಹಾಲೆರೆದು "ಗೊತ್ತಿಲ್ದೆ ಮಾಡವ್ಳೆ, ಹೊಟ್ಟೆಗೆ ಹಾಕ್ಕೊಳಪ್ಪ" ಅಂತ ಗೊಣಗ್ತಿದ್ರು. ಚಿಕ್ಕಮ್ಮ ಕೈಗೆ ಬಟ್ಟೆ ಸುತ್ಕೊಂಡು ಕುಡುಗೋಲಲ್ಲಿ ಮಣ್ಣು ಕೆರೀತಿದ್ರು. ಹುತ್ತದೊಳಗೆ ಏನೋ ಸರಕ್ ಅಂತು. ಮೂವರೂ ಎರಡು ಹೆಜ್ಜೆ ಹಿಂದಕ್ಕೆ ಸರಿದ್ವಿ. ಓತಿಕ್ಯಾತನೋ ಏನೋ, ಬಗ್ಗಿ ನೋಡೋ ಧೈರ್ಯ ಯಾರಿಗಿದೆ ಹೇಳು!

ಮಣ್ಣು ಮುಕ್ಕಾಲು ಉದುರ್ತು. ಉಳಿದಿದ್ದು ಗೋಣಿ ಮೇಲೆ ಗೀರು ಗೀರಾಗಿ, ಆಗಷ್ಟೇ ಉತ್ತ ಹೊಲದ ಸಾಲಿನಂಗೆ ಕಾಣ್ತಿತ್ತು. ಚಿಕ್ಕಮ್ಮ ಕೆರೆಯೋದು ನಿಲ್ಲಿಸಿಬಿಟ್ರು. ಬಟ್ಟೆ ಬಿಚ್ಚಿ, ಆ ಸುಲಿದ ಬೆರಳಲ್ಲೇ ನಿಧಾನಕ್ಕೆ ಸವರಿದ್ರು.

"ಅತ್ತೆ... ಇಷ್ಟು ಇರ್ಲಾ?"

"ನನ್ನೇನ್ ಕೇಳ್ತೀಯ? ಅವ್ನನ್ನ ಕೇಳು. ಮೊದ್ಲೇ ಕೇಳ್ಬೇಕಿತ್ತು."

ಚಿಕ್ಕಮ್ಮ ಹುತ್ತದ ಕಡೆ ತಿರುಗಿ ಕೈ ಮುಗಿದ್ರು. ಹುತ್ತ ಸುಮ್ನಿತ್ತು. ಬೋರ್ಡ್ ಎತ್ಕೊಂಡು ಬಂದ್ವಿ.

ಹೊಸಕೋಟೆಯಿಂದ ನಾನೇ ಗ್ಲೌಸ್ ತಂದ್ಕೊಟ್ಟೆ. ಬಣ್ಣದ ಡಬ್ಬ ಈಗ ಅಡುಗೆಮನೆ ಕಿಟಕೀಲಿದೆ. ಆದ್ರೂ ಹಿತ್ತಲ ಬಾಗಿಲು ಚಿಲಕ ಹಾಕ್ದೆ ಚಿಕ್ಕಮ್ಮ ಬ್ರಶ್ ಮುಟ್ಟಲ್ಲ ಕಣೆ.