ತೊಟ್ಟಿಲಿಗೆ ಮೊದಲು ಹಾಕುವ ಕಲ್ಲು

ಫ್ರಾನ್ಸಿನ ಆ ಗಂಡ ಹೆಂಡತಿ ಕೆಲವು ವರ್ಷಗಳ ಹಿಂದೆ ತೊಟ್ಟಿಲಿಗೆ ಬಣ್ಣ ಹಾಕುವುದನ್ನು ಕಲಿಯಲು ಕಲಘಟಗಿಗೆ ಬಂದು, ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ ಇದ್ದವರು. ಆಕೆ ನನ್ನಿಂದ ಒಂದಿಷ್ಟು ಕನ್ನಡ ಕಲಿತಿದ್ದಳು. ಈ ಸಲ ಬಂದ ದಿನವೇ ಗಂಡ ನನ್ನನ್ನು ಬದಿಗೆ ಕರೆದು, ಚಳಿಗಾಲದಲ್ಲಿ ತಮ್ಮ ಮಗು ಹುಟ್ಟುವಾಗಲೇ ತೀರಿಕೊಂಡಿತೆಂದು ಹೇಳಿದ. ಆಕೆಯೇ ಹಟ ಹಿಡಿದು ಇಲ್ಲಿಗೆ ಹೊರಟು ಬಂದಿದ್ದಳಂತೆ. ಒಂದು ದಿನವಾದರೂ ಈ ತೊಟ್ಟಿಲುಗಳಿಂದ ದೂರ ಹೋಗೋಣ, ಮಕ್ಕಳ ಮಾತು ಯಾರೂ ಎತ್ತದಂತೆ ನೋಡಿಕೊಳ್ಳಿ ಎಂದ.

ಹುಬ್ಬಳ್ಳಿಗೆ ಹೋದೆವು. ಪೇಟೆ ಸುತ್ತಿದೆವು, ಗಿರಮಿಟ್ಟು ತಿಂದೆವು. ಆಕೆ ಒಮ್ಮೆ ನಕ್ಕಳು. ಬಿಸಿಲು ಏರಿದಾಗ ದಣಿವಾರಿಸಿಕೊಳ್ಳಲು ನನ್ನ ತಂಗಿಯ ಮನೆಗೆ ಕರೆದೊಯ್ದೆ. ಎದುರು ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ನಾನು ಕೈಕಾಲು ತೊಳೆದು ಬರುವುದರೊಳಗೆ, ದೂರದಿಂದ ಬಂದ ಮುತ್ತೈದೆಯೆಂದು ಅಲ್ಲಿಯ ಹೆಂಗಸರು ಆಕೆಯನ್ನು ಕರೆದುಕೊಂಡು ಹೋಗಿದ್ದರು.

ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ರುಬ್ಬುವ ಗುಂಡಕಲ್ಲನ್ನು ಹಾಕುತ್ತಾರೆ. ಅದಕ್ಕೆ ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ತೊಡಿಸಿ, ಕೂಸಿನಂತೆಯೇ ಕೈಯಿಂದ ಕೈಗೆ ದಾಟಿಸುತ್ತಾರೆ. ನಾನು ಬಾಗಿಲಿಗೆ ಬಂದಾಗ ಆ ಕಲ್ಲು ಆಕೆಯ ತೋಳಿನಲ್ಲಿತ್ತು.

"ಬಾಯಾರ, ಮುಂದ ಕೊಡ್ರಿ. ಕೂಸು ಅಳಾಕತ್ತೈತಿ," ಎಂದಳು ಆಕೆಯ ಪಕ್ಕದಲ್ಲಿದ್ದವಳು.

ಆಕೆ ಕೊಡಲಿಲ್ಲ.

"ತಾಯಿ ನೋಡಿದ್ರ ಬೆಳ್ಳಗ, ಮಗಾ ಕರ್ರಗ! ಯಾರನ್ನ ಹೋಲ್ತೈತವಾ ಇದು?" ಎಂದಳು ಒಬ್ಬಳು. ಎಲ್ಲರೂ ನಕ್ಕರು.

"ಇವರಿಗೆ ಮಕ್ಕಳೆಷ್ಟ್ರೀ, ಅಕ್ಕಾರ?" ಇನ್ನೊಬ್ಬಳು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಆಕೆ, ನಾನು ಕಲಿಸಿದ ಕನ್ನಡದಲ್ಲಿ, "ಒಬ್ಬ ಮಗ" ಎಂದಳು.

"ಅಯ್ಯ, ಎಲ್ಲಿ ಬಿಟ್ಟ ಬಂದೀರಿ?"

ಆಕೆಗೆ ಅದೂ ಅರ್ಥವಾಯಿತು. ಜಾರಿದ್ದ ಕುಂಚಿಗೆಯನ್ನು ಕಲ್ಲಿನ ಮೇಲೆ ಸರಿಯಾಗಿ ಎಳೆದಳು. ಆಗ ನಗು ನಿಂತಿತು.

ನಾನು ತಂಗಿಯ ಕಿವಿಯಲ್ಲಿ ವಿಷಯ ಹೇಳಿದೆ. ಅವಳು ತನ್ನ ಮನೆಯ ಗುಂಡಕಲ್ಲು ತಂದುಕೊಟ್ಟಳು. ಅದನ್ನು ತೊಟ್ಟಿಲಿಗೆ ಹಾಕಿ ತೆಗೆದು, ಕೂಸನ್ನು ಮಲಗಿಸಿ, ಹಾಡು ಅರ್ಧಕ್ಕೇ ಮುಗಿಸಿ ಹೆಸರಿಟ್ಟರು. ಆಕೆ ಗೋಡೆಗೆ ಒರಗಿ, ಕಲ್ಲನ್ನು ಹಿಡಿದುಕೊಂಡೇ ಮೈ ತೂಗುತ್ತಿದ್ದಳು.

ತಂಗಿಯ ಮನೆಯಲ್ಲಿದ್ದ ಗಂಡನನ್ನು ಕರೆದೆ. ಅವನು ಆಕೆಯ ಮುಂದೆ ನೆಲಕ್ಕೆ ಕುಳಿತು, ಬಹಳ ಹೊತ್ತು ಮೆಲ್ಲಗೆ ಏನೋ ಹೇಳಿದ. ಆಮೇಲೆ ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆ ಮನೆಯಾಕೆ ಕಲ್ಲನ್ನು ಇಸಿದುಕೊಂಡು, ಕುಂಚಿಗೆ ಕಳಚಿ, ಬರಿಗಲ್ಲನ್ನು ಅಡುಗೆಮನೆಗೆ ಒಯ್ದಳು. ಅವನ ಹೆಂಡತಿ ಅದನ್ನು ನೋಡುತ್ತಲೇ ಇದ್ದಳು. ಅಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಆಕೆ ಅವನಿಗೆ ಒಂದೇ ಒಂದು ಮಾತು ಹೇಳಿದಳು. ಅವನು ನನಗೆ ತಿಳಿಸಿದ: "ಮಗುವಿನಷ್ಟೇ ಭಾರ ಇತ್ತು ಅಂತಾಳೆ."

ಬಸ್ಸು ತುಂಬಿತ್ತು. ನಿಂತೇ ಬಂದೆವು. ಆಕೆ ಕಂಬಿ ಹಿಡಿಯಲಿಲ್ಲ. ಎರಡೂ ಕೈ ಎದೆಯ ಬಳಿ ಮಡಿಚಿಕೊಂಡಿದ್ದಳು. ಬ್ರೇಕ್ ಬಿದ್ದಾಗಲೆಲ್ಲ ನಾವಿಬ್ಬರೂ ಆಕೆಯನ್ನು ಬೀಳದಂತೆ ಹಿಡಿಯುತ್ತಿದ್ದೆವು.