ದೆಲ್ಫಿನಾ ಮತ್ತೆ ತೋರಿಸದ ಚಿತ್ರ

ದೆಲ್ಫಿನಾ ಕಿರೋಗಾ ಬೆಳಿಗ್ಗೆ ಕಾಫಿಗೆ ಮುಂಚೆ ಸ್ಪ್ಯಾನಿಷ್ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದನೇ ತರಗತಿಯ ಮಗುವಿನ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಜ್ವರ ಬಂದಾಗಲೂ ಬಿಡಲಿಲ್ಲ, ತಾಯಿಯನ್ನು ಮಣ್ಣು ಮಾಡಿದ ದಿನವೂ ಬಿಡಲಿಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ತಂತಿ ಬೇಲಿ. ನನ್ನ ಬೆಳಗಿನ ಜಪದೊಳಗೆ ಅವಳ ತಡವರಿಸುವ ಓದು ಬಂದು ಸೇರುತ್ತಿತ್ತು. ಅದರಿಂದ ದೇವರಿಗೆ ಬೇಸರವಾಗಿರಲಿಕ್ಕಿಲ್ಲ.

ಆ ಭಾಷೆ ಅವಳ ತಾಯಿಯದು. ಶಾಲೆಯಲ್ಲಿ ಅದನ್ನು ಆಡಿದ್ದಕ್ಕೆ ಟೀಚರು ಅವಳ ಬಾಯಿಗೆ ಸೋಪು ಹಾಕಿ ತೊಳೆಸಿದ್ದರು. ಪೂರ್ವ ಲಾಸ್ ಏಂಜಲೀಸಿನ ನಮ್ಮ ಬೀದಿಗಳಲ್ಲಿ ಆ ಸೋಪಿನ ರುಚಿ ಗೊತ್ತಿಲ್ಲದವರು ಕಡಿಮೆ. ನಾವು ಹೇಗೋ ನಾಲಿಗೆ ಉಳಿಸಿಕೊಂಡೆವು. ದೆಲ್ಫಿನಾ ಮಾತ್ರ ಹೆದರಿ ಬಾಯಿ ಮುಚ್ಚಿದಳು. ದೊಡ್ಡವಳಾಗಿ ಮತ್ತೆ ತೆರೆದಾಗ ಪದಗಳು ಅರ್ಧಂಬರ್ಧ ಹೊರಬಂದವು. ಅಂಥವರನ್ನು ನಮ್ಮಲ್ಲಿ 'ಪೋಚಾ' ಎಂದು ಹಂಗಿಸುತ್ತಾರೆ, ಅತ್ತಲಿನವರೂ ಅಲ್ಲ ಇತ್ತಲಿನವರೂ ಅಲ್ಲ ಎಂದು.

ಕಾಲೇಜಿನಲ್ಲಿ ಮೆಕ್ಸಿಕೋ ಮೂಲದ ನಮ್ಮ ಹುಡುಗರ ಚಳವಳಿ ನಡೆಯುತ್ತಿದ್ದ ಕಾಲ. ಅವಳು ಯಾರದೋ ಕ್ಯಾಮೆರಾ ಹೊತ್ತು ಮೆರವಣಿಗೆಗಳ ಮುಂದೆ ಹಿಮ್ಮುಖವಾಗಿ ನಡೆಯತೊಡಗಿದಳು. ಮನೆಗೆ ಬಂದು "ನಾನು ಚಿಕಾನಾ" ಎಂದಳು. ಇಲ್ಲೇ ಹುಟ್ಟಿದ ಮೆಕ್ಸಿಕೋ ಮೂಲದ ಹೆಣ್ಣು ಎಂದು ಚಳವಳಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಹೆಸರು ಅದು.

"ಅದೇನೇ ಅದು, ಬೈಗುಳದ ಥರ ಇದೆ!" ಎಂದು ತಾಯಿ ಗದರಿದರು. "ನಿನಗೆ ಅಪ್ಪ ಅಮ್ಮ ಇಟ್ಟ ಹೆಸರಿಲ್ವಾ?"

ಮೆರವಣಿಗೆಗಳು ಮುಗಿದ ಮೇಲೆ ಅವಳು ನಮ್ಮ ಅಡುಗೆಮನೆಗಳಿಗೆ ಬಂದಳು. ಹೊಲಿಗೆ ಕಾರ್ಖಾನೆಯ ಹೆಂಗಸರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದಳು, ಹೆದ್ದಾರಿಗಾಗಿ ಕೆಡವಿದ ಮನೆಗಳ ಬಗ್ಗೆ ಇನ್ನೊಂದು. ಅವಳದೊಂದು ರೀತಿ ಇತ್ತು. ಯಾರ ಮನೆಗೆ ಹೋದರೂ ಮೊದಲು ಅವರ ಕೆಲಸಕ್ಕೆ ಕೈ ಹಾಕುವಳು. ಬೀನ್ಸ್ ಕಾಳು ಆರಿಸುವಳು, ಬಟ್ಟೆ ಮಡಚುವಳು. ಕ್ಯಾಮೆರಾ ಎಷ್ಟೋ ದಿನ ಚೀಲದಿಂದ ಹೊರಬರುತ್ತಲೇ ಇರಲಿಲ್ಲ. ಹೆಂಗಸರು ಅವಳ ಭಾಷೆ ಕೇಳಿ ನಗುವರು.

"ನಿನ್ನ ಸ್ಪ್ಯಾನಿಷ್‌ಗೆ ಇನ್ನೂ ಹಲ್ಲು ಬಂದಿಲ್ಲ ಕಣೇ!"

"ಬರೋವರೆಗೂ ನಿಮ್ಮನೆ ಗಂಜಿ ಕುಡೀತೀನಿ ಬಿಡಿ" ಎಂದು ಅವಳೂ ನಗುವಳು.

ಹಾಗೆ ಕೂತಿದ್ದಾಗಲೇ ತೊಮಾಸಾ ಬಾಯಿ ಬಿಟ್ಟದ್ದು. ತೊಮಾಸಾ ನಮ್ಮ ಬೀದಿಯ ಕೊನೆಯ ಮನೆಯವಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಎರಡನೆಯ ಹೆರಿಗೆಯ ನೋವಿನಲ್ಲಿ ಆಸ್ಪತ್ರೆಯವರು ಅವಳ ಕೈಗೆ ಇಂಗ್ಲಿಷ್ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. ಇನ್ನು ಮಕ್ಕಳಾಗದ ಹಾಗೆ ನಾಳ 'ಕಟ್ಟುತ್ತೇವೆ' ಎಂದಿದ್ದಳಂತೆ ನರ್ಸು.

"ಕಟ್ಟಿದ್ದನ್ನ ಬಿಚ್ಬೋದು ಅಂದ್ಕೊಂಡೆ ಮಗಳೇ," ಎಂದಳು ತೊಮಾಸಾ. "ಆಮೇಲೆ ಬಿಚ್ಚಿಸ್ಕೊಳ್ಳೋಕೆ ಹೋದೆ. ಡಾಕ್ಟ್ರು ನಕ್ಬಿಟ್ರು. ಕಟ್ಟಿಲ್ಲಮ್ಮ, ಕತ್ತರಿಸಿದೀವಿ ಅಂದ್ರು."

ಈ ಮಾತು ಗಂಡ ಎವರಿಸ್ತೊಗೆ ಗೊತ್ತಿರಲಿಲ್ಲ. ಅವನಿಗೆ ಒಂದು ಗಂಡು ಮಗು ಬೇಕಿತ್ತು. ಅದಕ್ಕಾಗಿ ಗ್ವಾದಲೂಪೆಯ ಮೇರಿ ಮಾತೆಗೆ ಹರಕೆ ಹೊತ್ತು, ಪ್ರತಿ ಡಿಸೆಂಬರಿನಲ್ಲಿ ಚರ್ಚಿನ ಬಾಗಿಲಿನಿಂದ ಪೀಠದವರೆಗೆ ಮಂಡಿಯಲ್ಲಿ ತೆವಳುತ್ತಿದ್ದ. ತೊಮಾಸಾ ಮೇಣದ ಬತ್ತಿ ಹಿಡಿದು ಅವನ ಪಕ್ಕದಲ್ಲಿ ನಡೆಯುತ್ತಿದ್ದಳು. ಅವಳ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೆ, ಭಕ್ತಿಯೆಂದೇ ತಿಳಿದಿದ್ದೆ.

"ಹೇಳ್ತೀನಿ, ಎಲ್ಲಾ ಹೇಳ್ತೀನಿ," ಎಂದಳು ದೆಲ್ಫಿನಾಳಿಗೆ. "ಆದ್ರೆ ನಾನೇ ಅಂತ ಒಬ್ರಿಗೂ ಗೊತ್ತಾಗ್ಬಾರ್ದು. ಅವ್ರಿಗಂತೂ ಬೇಡವೇ ಬೇಡ."

ದೆಲ್ಫಿನಾ ಮಾತು ಕೊಟ್ಟಳು. ಕ್ಯಾಮೆರಾದಲ್ಲಿ ತೊಮಾಸಾಳ ಮುಖ ತೆಗೆಯಲಿಲ್ಲ. ಆ ಮಾತುಗಳನ್ನು ಬೇರೆ ಊರಿನ ಹೆಂಗಸೊಬ್ಬಳ ಕೈಲಿ ಮತ್ತೆ ಹೇಳಿಸಿ ಧ್ವನಿಯನ್ನೂ ಬದಲಿಸಿದಳು. ತೆಗೆದದ್ದು ಕೈಗಳನ್ನು ಮಾತ್ರ. ಅದು ಕ್ರಿಸ್‌ಮಸ್ ಹತ್ತಿರದ ದಿನ, ತೊಮಾಸಾ ನಮ್ಮ ಹಬ್ಬದ ಕಡುಬು ತಮಾಲೆ ಮಾಡುತ್ತಿದ್ದಳು. ಮೆಕ್ಕೆಜೋಳದ ಸಿಪ್ಪೆಯ ಮೇಲೆ ಹಿಟ್ಟು ಹಚ್ಚಿ, ಮಾಂಸ ಇಟ್ಟು, ಸುತ್ತಿ, ಸಿಪ್ಪೆಯ ಎಳೆಯಿಂದ ಕಟ್ಟುತ್ತಿದ್ದಳು. 'ಕಟ್ಟುತ್ತೇವೆ' ಎಂಬ ಮಾತು ಬರುವಾಗ ತೆರೆಯ ಮೇಲೆ ಆ ಬೆರಳುಗಳು ಗಂಟು ಹಾಕುವಂತೆ ದೆಲ್ಫಿನಾ ಜೋಡಿಸಿದಳು. ಅವಳು ತೆಗೆದ ಚಿತ್ರಗಳಲ್ಲೆಲ್ಲ ಅಷ್ಟು ಚೆಂದದ ತುಣುಕು ಇನ್ನೊಂದಿರಲಿಲ್ಲ. ತೊಮಾಸಾಳಿಗೇ ಮೊದಲು ತೋರಿಸಿದಳು.

"ಇದು ಯಾರ ಕೈಯಾದ್ರೂ ಆಗ್ಬೋದು. ತೋರ್ಸು" ಎಂದಳು ತೊಮಾಸಾ.

ಇಬ್ಬರಿಗೂ ಹೊಳೆಯಲಿಲ್ಲ. ತನ್ನ ಕೈಯನ್ನು ಯಾರು ತಾನೇ ಹೊರಗಿನಿಂದ ನೋಡುತ್ತಾರೆ?

ಚರ್ಚಿನ ಹಾಲಿನಲ್ಲಿ ಪ್ರದರ್ಶನ. ನಾನು ಹಿಂದೆ ಕಾಫಿ ಸುರಿಯುತ್ತಿದ್ದೆ. ಕುರ್ಚಿ ಜೋಡಿಸಲು ಬಂದಿದ್ದ ಎವರಿಸ್ತೊ ಗೋಡೆಗೆ ಒರಗಿ ನಿಂತು ನೋಡಿದ. ದೀಪ ಹತ್ತಿದಾಗಲೂ ಅವನು ತೆರೆಯನ್ನೇ ನೋಡುತ್ತಿದ್ದ.

"ಆ ಗಂಟು ನಮ್ಮನೇದು" ಎಂದ.

ಪಕ್ಕದವನು ನಕ್ಕ. "ಏನಯ್ಯಾ ಎವರಿಸ್ತೊ, ತಮಾಲೆ ಎಲ್ಲರ ಮನೇಲೂ ಮಾಡಲ್ವಾ? ಹಸಿವಾಯ್ತಾ?"

"ಎಲ್ಲಾರೂ ಬರೀ ಮಡಚ್ತಾರೆ. ಎರಡೂ ತುದಿ ಕಟ್ಟಿ, ಬಾಲಾನ ಎಡಗೈಲಿ ಒಳಗೆ ಸಿಗ್ಸೋಳು ಈ ಊರಲ್ಲಿ ಒಬ್ಳೇ. ಮದ್ವೆ ಆದಾಗಿಂದ ನಾನೇ ಬಿಚ್ತಾ ಇದೀನಿ."

ಯಾರೂ ನಗಲಿಲ್ಲ. ಅವನು ಕುರ್ಚಿಯಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನಾನು ಮಂಡೀಲಿ ಹೋಗ್ತಿದ್ದಾಗ ನಿಂಗೆ ಗೊತ್ತಿತ್ತಾ?"

"ಹೂಂ."

"ಪ್ರತಿ ವರ್ಷ?"

"ಹೂಂ ರೀ."

"ಮಾತೆ ಎದುರಿಗೆ ನನ್ನನ್ನ ಕೋತಿ ಮಾಡಿದೆ." ಅಷ್ಟು ಹೇಳಿ ಟೋಪಿ ಹಾಕಿಕೊಂಡು ಹೊರಟುಹೋದ.

ಮರುವಾರ ಅವನು ಉತ್ತರದ ದ್ರಾಕ್ಷಿ ತೋಟಗಳ ಕಡೆ ಅಣ್ಣನ ಹತ್ತಿರ ಹೋದ. ತಿರುಗಿ ಬರಲಿಲ್ಲ, ಚರ್ಚಿಗೂ ಕಾಲಿಡಲಿಲ್ಲ ಎಂದು ಆಮೇಲೆ ಕೇಳಿದೆ. ನಮ್ಮ ಹೆಂಗಸರೂ ಕಡಿಮೆಯಲ್ಲ. ಕತ್ತರಿಸಿದವರನ್ನು ಬಿಟ್ಟು ಸುಳ್ಳು ಹರಕೆಯ ಮಾತೇ ಆಡಿದರು. ತೊಮಾಸಾ ಮಕ್ಕಳನ್ನು ಕಟ್ಟಿಕೊಂಡು ಸಾನ್ ಬರ್ನಾರ್ದಿನೋದ ತಂಗಿಯ ಮನೆಗೆ ಹೊರಟಳು. ಹೊರಡುವ ದಿನ ದೆಲ್ಫಿನಾ ಅವಳ ಪೆಟ್ಟಿಗೆ ಎತ್ತಲು ಹೋದಳು.

"ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ," ಎಂದಳು ತೊಮಾಸಾ. "ನಾನೇ ತೋರ್ಸು ಅಂದಿದ್ದು. ಇನ್ನು ಯಾರಿಗೂ ತೋರಿಸ್ಬೇಡ, ಅಷ್ಟೇ. ನನ್ನ ಮಕ್ಕಳು ಹಾದಿಬೀದೀಲಿ ಇದನ್ನ ನೋಡ್ಬಾರ್ದು."

ಆಗಲೇ ದೊಡ್ಡ ಟಿವಿಯವರು ಆ ಚಿತ್ರ ಕೇಳಿದ್ದರು. ಅದು ಹೋಗಿದ್ದರೆ ದೆಲ್ಫಿನಾಳ ಹೆಸರು ದೇಶದಲ್ಲೆಲ್ಲ ಆಗುತ್ತಿತ್ತು. ಅದೇ ರೀತಿ ಕತ್ತರಿಸಿಕೊಂಡ ಇನ್ನೆಷ್ಟೋ ಹೆಂಗಸರಿಗೂ ಧೈರ್ಯ ಬರುತ್ತಿತ್ತೋ ಏನೋ. ಅವಳು ಫಿಲ್ಮ್ ಸುರುಳಿಯನ್ನು ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟಳು. ಆಮೇಲೆ ಸ್ವಂತ ಚಿತ್ರ ಮಾಡಲಿಲ್ಲ.

ಬಡ ಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಿದಳು, ಕೂದಲು ಬೆಳ್ಳಗಾಗುವವರೆಗೆ. ಯಾರೇ ಚಿತ್ರ ತಂದರೂ ಅವಳ ಪ್ರಶ್ನೆ ಒಂದೇ. "ಈ ಬಾಗಿಲಿನ ಬಣ್ಣ ಯಾರು ಗುರುತು ಹಿಡೀತಾರೆ? ಈ ಕೆಮ್ಮು ಯಾರು ಗುರುತು ಹಿಡೀತಾರೆ? ಅವರ ಮನೇಲಿ ಉಣ್ಣೋರನ್ನ ಕೂರಿಸಿ ಮೊದಲು ನೋಡ್ರೋ." ವಿದ್ಯಾರ್ಥಿಗಳು ಹಿಂದಿನಿಂದ 'ಪೊಲೀಸ್ ಮೇಷ್ಟ್ರಮ್ಮ' ಎನ್ನುತ್ತಿದ್ದರಂತೆ. ಅವಳಿಗೂ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಅವಳ ಹಳೆಯ ವಿದ್ಯಾರ್ಥಿನಿ ಮರಿಸೆಲಾ ಬಂದಳು. ಈಗ ಅವಳೂ ನಡುವಯಸ್ಸಿನವಳು, ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯೊಂದರಲ್ಲಿ ದೊಡ್ಡ ಕೆಲಸ. ತೊಮಾಸಾಳ ಕಥೆ ನಮ್ಮ ಬೀದಿಯವರಿಂದ ಅವಳ ಕಿವಿಗೂ ಬಿದ್ದಿತ್ತು. ನಾನೂ ಅಲ್ಲೇ ಕೂತಿದ್ದೆ. ಡಬ್ಬಿ ತೆಗೆದರೆ ಹುಳಿ ವಾಸನೆ ಹೊಡೆಯಿತು.

"ಮೇಷ್ಟ್ರಮ್ಮ, ಫಿಲ್ಮ್ ಕೊಳೀತಾ ಇದೆ. ಇನ್ನೊಂದೆರಡು ಬೇಸಿಗೆ, ಅಷ್ಟೇ. ನನ್ನ ಕೈಗೆ ಕೊಡಿ, ತೊಳೆದು ಹೊಸದು ಮಾಡಿಸ್ತೀನಿ. ನಿಮ್ಮ ಹೆಸರಲ್ಲಿ ಎಲ್ಲಾ ಕಡೆ ತೋರಿಸೋಣ."

"ಬೇಡಮ್ಮ."

"ತೊಮಾಸಾ ಇಲ್ಲ. ಅವರ ಗಂಡಾನೂ ಹೋದ್ರು. ಇನ್ನು ಯಾರಿಂದ ಮುಚ್ಚಿಡ್ತೀರ?"

"ಹೆಣ್ಮಕ್ಕಳಿದಾರೆ."

"ಅವರನ್ನೇ ಕೇಳೋಣ."

"ಕೇಳ್ಬೇಕಾದ್ರೆ ಹೇಳ್ಬೇಕಲ್ಲ. ಅಪ್ಪ ಯಾಕೆ ಬಿಟ್ಟುಹೋದ ಅಂತ ತೊಮಾಸಾ ಅವರಿಗೆ ಏನು ಹೇಳಿದ್ಲೋ. ನಾನು ಹೋಗಿ ಅದನ್ನ ಸುಳ್ಳು ಮಾಡ್ಲಾ?"

ಮರಿಸೆಲಾ ಡಬ್ಬಿಯ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿತ್ತು. "ಹೋಗ್ಲಿ, ತೋರಿಸೋದು ಬೇಡ. ಒಂದು ನಕಲು ಮಾತ್ರ ಮಾಡಿಸಿ ಬೀಗ ಹಾಕಿಡ್ತೀನಿ. ನನಗೋಸ್ಕರ. ಇಷ್ಟಾದ್ರೂ ಮಾಡೋಕೆ ಬಿಡಿ."

ದೆಲ್ಫಿನಾ ಡಬ್ಬಿಯ ಮುಚ್ಚಳ ಒತ್ತಿ ಮಡಿಲಲ್ಲಿಟ್ಟುಕೊಂಡಳು.

"ನಕಲು ಇದ್ಮೇಲೆ ಯಾರೋ ನೋಡೇ ನೋಡ್ತಾರೆ ಮಗಳೇ. ನಿನ್ನ ಮನಸ್ಸು ದೊಡ್ಡದು. ಆದ್ರೂ ಬೇಡ. ಇದು ಕೊಳೀಲಿ."